ಓಲೆಗರಿಯ ಕಟ್ಟುಗಳು ಹೇಳುವ ಇತಿಹಾಸ

ನಮ್ಮ ನಾಡಿನ ಲಿಂಗವಂತರ ಹಳೆಯ ಮನೆಗಳಲ್ಲಿ ದೇವರ ಜಗುಲಿಯ ಮೇಲೆ ಕಾವಿಯ ವಸ್ತ್ರದಲ್ಲಿ ಸುತ್ತಿಟ್ಟ ಒಂದು ಗಂಟು ಇರುವುದುಂಟು. ಅದಕ್ಕೆ ನಿತ್ಯವೂ ವಿಭೂತಿ ಪತ್ರಿಗಳು ಏರುತ್ತವೆ. ಹಬ್ಬಹುಣ್ಣಿಮೆಗಳಲ್ಲಿ ಧೂಪವನ್ನೂ ಹಾಕುತ್ತಾರೆ. ಆ ಗಂಟಿನೊಳಗೆ ಏನಿರುವುದೆಂದು ಮನೆಯ ಯಜಮಾನರನ್ನು ಕೇಳಿದರೆ, “ಶಾಸ್ತ್ರಿಗಳೇ, ಅದು ಹಿರಿಯರ ಕಾಲದ ಕಟ್ಟು, ಅದನ್ನು ಬಿಚ್ಚಬಾರದು” ಎಂಬ ಉತ್ತರವೇ ಬಹುಶಃ ದೊರೆಯುವುದು. ಹಿರಿಯರು ಅದನ್ನು ಬರೆಯಿಸಿದ್ದು ಬಿಚ್ಚಿ ಓದುವುದಕ್ಕಾಗಿ. ನಾವು ಅದನ್ನು ಇಟ್ಟುಕೊಂಡಿರುವುದು ಕಟ್ಟಿ ಪೂಜಿಸುವುದಕ್ಕಾಗಿ. ಶ್ರೀಮಠದ ಸುವರ್ಣಮಹೋತ್ಸವದ ಈ ಶುಭಸಮಯದಲ್ಲಿ, ಆ ಕಟ್ಟುಗಳು ತಮ್ಮನ್ನು ಬರೆದ ಜನರ ವಿಷಯವಾಗಿ ಏನನ್ನು ಹೇಳುತ್ತವೆಂಬುದನ್ನು ಭಕ್ತಮಹಾಶಯರ ಮುಂದೆ ಯಥಾಮತಿಯಾಗಿ ನಿವೇದಿಸಬೇಕೆಂದು ಮನಸ್ಸು ಮಾಡಿರುತ್ತೇನೆ.

ಮೊದಲು ಓಲೆಯ ವಿಷಯವನ್ನೇ ಹೇಳುವೆನು. ತಾಡೋಲೆಗಳಲ್ಲಿ ಸಾಧಾರಣ ತಾಳೆಯದೆಂದೂ ಶ್ರೀತಾಳೆಯದೆಂದೂ ಎರಡು ಬಗೆಗಳುಂಟು. ಸಾಧಾರಣ ತಾಳೆಯ ಗರಿ ದಪ್ಪವಾಗಿಯೂ ಕಿರಿದಾಗಿಯೂ ಇದ್ದು ಬೇಗನೆ ಮುರಿಯುವುದು. ಶ್ರೀತಾಳೆಯ ಗರಿಯಾದರೋ ತೆಳ್ಳಗೆ, ಅಗಲವಾಗಿ, ಮೃದುವಾಗಿ, ಬಹುಕಾಲ ಬಾಳತಕ್ಕುದು. ಈ ಮರವು ತನ್ನ ಆಯುಸ್ಸಿನಲ್ಲಿ ಒಂದೇ ಒಂದು ಸಲ ಹೂಬಿಟ್ಟು, ಕಾಯಿ ಹಣ್ಣಾದ ಬಳಿಕ ಒಣಗಿಹೋಗುವುದು. ಇದು ಕರಾವಳಿ ಮತ್ತು ಮಲೆಯಾಳ ಪ್ರಾಂತಗಳ ತೇವಭೂಮಿಯ ಮರವೇ ಹೊರತು ಬಯಲುಸೀಮೆಯ ಎರೆನೆಲದ ಮರವಲ್ಲ. ಹೀಗಿರಲು ಕೃಷ್ಣಾ ಮಲಪ್ರಭೆಗಳ ತೀರದ ಒಂದು ಹಳ್ಳಿಯಲ್ಲಿ ಶ್ರೀತಾಳೆಯ ಕಟ್ಟೊಂದು ಕಣ್ಣಿಗೆ ಬಿದ್ದರೆ, ಅದರಲ್ಲಿ ಒಂದು ಅಕ್ಷರವನ್ನು ಓದುವ ಮೊದಲೇ ನಮಗೊಂದು ಸಂಗತಿ ತಿಳಿದಂತಾಯಿತು: ಆ ಗರಿಯು ಘಟ್ಟವನ್ನು ಹತ್ತಿ ವ್ಯಾಪಾರದ ಹಾದಿ ಹಿಡಿದು ಬಂದಿದೆ, ಅದಕ್ಕಾಗಿ ಯಾರೋ ಹಣವನ್ನು ವೆಚ್ಚಮಾಡಿದ್ದಾರೆ. ಆ ಕಾಲದ ಜನರು ಯಾವುದಕ್ಕೆ ಬೆಲೆ ಕಟ್ಟುತ್ತಿದ್ದರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ತಂದ ಗರಿಯ ಮೇಲೆ ಕೂಡಲೇ ಬರೆಯಲು ಬರುವುದಿಲ್ಲ. ಅದನ್ನು ನೀರಿನಲ್ಲಿ ಬೇಯಿಸಿ, ನೆರಳಿನಲ್ಲಿ ಒಣಗಿಸಿ, ತಿಕ್ಕಿ ನುಣುಪು ಮಾಡಿ, ಸಮನಾಗಿ ಕತ್ತರಿಸಿ, ದಾರ ಪೋಣಿಸಲು ರಂಧ್ರ ಕೊರೆದು ಸಿದ್ಧಪಡಿಸಬೇಕು. ಬಳಿಕ ಕಬ್ಬಿಣದ ಕಂಠದಿಂದ ಅಕ್ಷರಗಳನ್ನು ಕೊರೆಯಬೇಕು. ಕೊರೆದ ಅಕ್ಷರವು ಕಣ್ಣಿಗೆ ಕಾಣದು. ದೀಪದ ಕಾಡಿಗೆಯನ್ನು ಹಸಿರೆಲೆಯ ರಸದಲ್ಲಿಯೋ ಎಣ್ಣೆಯಲ್ಲಿಯೋ ಕಲಸಿ ಬಳಿದು ಒರಸಿದರೆ ಗೀರುಗಳಲ್ಲಿ ಮಾತ್ರ ಕಪ್ಪು ನಿಂತು ಬರಹವು ಎದ್ದು ತೋರುವುದು. ಗರಿಯ ನರಗಳುದ್ದಕ್ಕೆ ನೇರವಾದ ಗೆರೆಯನ್ನೆಳೆದರೆ ಗರಿ ಸೀಳುವುದರಿಂದಲೇ ನಮ್ಮ ಲಿಪಿಯು ದುಂಡಗಾಗುತ್ತ ಬಂದಿತೆಂದು ಲಿಪಿಯನ್ನು ಬಲ್ಲ ಪಂಡಿತರು ಅಭಿಪ್ರಾಯಪಡುತ್ತಾರೆ. ಕಡೆಯಲ್ಲಿ ಮೇಲೂ ಕೆಳಗೂ ಮರದ ಹಲಗೆಗಳನ್ನಿಟ್ಟು ದಾರದಿಂದ ಬಿಗಿಯುವರು. ಲೆಕ್ಕಪತ್ರಗಳಿಗೆ ಮಾತ್ರ ಬೇರೊಂದು ಸಾಧನವಿದ್ದಿತು. ಬಟ್ಟೆಗೆ ಹುಣಿಸೆಬೀಜದ ಅಂಟನ್ನೂ ಇದ್ದಿಲ ಪುಡಿಯನ್ನೂ ಲೇಪಿಸಿ, ಮಡಿಕೆ ಮಡಿಕೆಯಾಗಿ ಮಡಿಸಿ, ಬಳಪದಿಂದ ಬರೆಯುವ ಕಡತವೇ ಅದು. ಕಡತದ ಬರಹವನ್ನು ಅಳಿಸಿ ಮತ್ತೆ ಬರೆಯಬಹುದು. ಓಲೆಯ ಬರಹವನ್ನು ಅಳಿಸಲು ಬಾರದು. ಯಾವುದು ಬಾಳಬೇಕು, ಯಾವುದು ಅಳಿದರೆ ನಷ್ಟವಿಲ್ಲವೆಂಬ ವಿವೇಕವು ನಮ್ಮ ಹಿರಿಯರಿಗೆ ಇದ್ದಿತೆಂಬುದು ಈ ಎರಡು ಸಾಧನಗಳ ಭೇದದಿಂದಲೇ ಸ್ಪಷ್ಟವಾಗುವುದು.

ಇನ್ನು ಮುಖ್ಯ ವಿಷಯಕ್ಕೆ ಬರುವೆನು. ಬಸವಾದಿ ಪ್ರಮಥರು 12ನೆಯ ಶತಮಾನದಲ್ಲಿ ಕಲ್ಯಾಣದಲ್ಲಿ ಬೆಳಗಿದರೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಆ ಶತಮಾನದಲ್ಲಿ ಬರೆದ ವಚನದ ಓಲೆಯು ಒಂದೂ ನಮಗೆ ದೊರೆತಿಲ್ಲ. ನಮಗೆ ದೊರೆತಿರುವ ವಚನದ ಕಟ್ಟುಗಳೆಲ್ಲವೂ ಅಲ್ಲಿಂದ ಶತಮಾನಗಳು ಕಳೆದ ಬಳಿಕ ಬರೆದವುಗಳು. ಈ ಮಾತನ್ನು ಕೇಳಿ ಕೆಲವು ಭಕ್ತರು ನೊಂದುಕೊಳ್ಳುವರು. ಕೆಲವರು ಇದನ್ನು ಮರೆಮಾಡುವುದೇ ಲೇಸೆನ್ನುವರು. ಸತ್ಯವನ್ನು ಮರೆಮಾಡಿ ಶರಣರ ಗೌರವವನ್ನು ಕಾಯಬೇಕಾದ ಅವಶ್ಯಕತೆಯಿಲ್ಲವೆಂದು ನನ್ನ ವಿನಮ್ರವಾದ ಅಭಿಪ್ರಾಯ. ಈ ಸಂಗತಿಯನ್ನು ಒಪ್ಪಿಕೊಂಡು ವಿಚಾರಿಸಿದರೆ ನಮ್ಮ ಇತಿಹಾಸದ ಇನ್ನೊಂದು ದೊಡ್ಡ ಅಧ್ಯಾಯವೇ ತೆರೆದು ನಿಲ್ಲುತ್ತದೆ.

ಓಲೆಗೆ ಅಷ್ಟು ಕಾಲ ಬಾಳುವ ಶಕ್ತಿಯಿಲ್ಲದ್ದರಿಂದ ಹೀಗಾಯಿತೆ? ಹಾಗೆನ್ನಲು ಬರುವುದಿಲ್ಲ. ಮೂಡಬಿದಿರೆಯ ಜೈನಬಸದಿಯಲ್ಲಿ ಹಳಗನ್ನಡ ಲಿಪಿಯಲ್ಲಿ ಬರೆದ ಧವಲಾದಿ ಸಿದ್ಧಾಂತಗ್ರಂಥಗಳ ತಾಡೋಲೆಗಳಿವೆ. ಅವು 12ನೆಯ ಶತಮಾನದವೆಂದು ವಿದ್ವಾಂಸರು ನಿರ್ಣಯಿಸಿರುವರು. ಅಂದರೆ ಬಸವಣ್ಣನವರ ಶತಮಾನದ ಓಲೆಯು ಎಂಟುನೂರು ವರ್ಷಗಳನ್ನು ದಾಟಿ ನಮ್ಮವರೆಗೆ ಬರಲು ಸಾಧ್ಯವಿದ್ದಿತು. ಜೈನರಲ್ಲಿ ಶಾಸ್ತ್ರದಾನವು ಮಹಾಪುಣ್ಯಕರವೆಂದು ಎಣಿಸಲ್ಪಟ್ಟಿದ್ದಿತು. 10ನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧವಾಗಿದೆ. ಅವರ ಗ್ರಂಥಗಳು ಬಸದಿಯ ಭದ್ರವಾದ ಭಂಡಾರಗಳಲ್ಲಿ ಉಳಿದುವು. ವಚನಗಳ ಹಣೆಬರಹ ಬೇರೆ. ಬಿಜ್ಜಳನ ಅಂತ್ಯಕಾಲದ ಕ್ಷೋಭೆಯಲ್ಲಿ ಶರಣರು ಚದುರಿದರು. ಚೆನ್ನಬಸವಣ್ಣನವರೊಡನೆ ಉಳವಿಯ ಕಡೆಗೆ ನಡೆದವರು ವಚನದ ಕಟ್ಟುಗಳನ್ನು ಹೊತ್ತು ನಡೆದರೆಂದು ಸಂಪ್ರದಾಯವು ಹೇಳುತ್ತದೆ. ಅಂದಿನ ವಚನದ ಓಲೆಗಳಿಗೆ ಒಂದು ನೆಲೆಯಾದ ಭಂಡಾರವಿರಲಿಲ್ಲ. ಅವು ಕೈಯಿಂದ ಕೈಗೆ, ಬಾಯಿಂದ ಬಾಯಿಗೆ, ಊರಿಂದೂರಿಗೆ ಸಾಗುತ್ತಿದ್ದುವು. ಬಳಸಿದ ಓಲೆ ಸವೆಯುವುದು. ಇರಿಸಿದ ಓಲೆ ಉಳಿಯುವುದು. ಹೀಗೆ ನೋಡಿದರೆ, ಮೊದಲಿನ ಓಲೆಗಳು ಇಲ್ಲದಿರುವುದು ಅನಾದರದ ಕುರುಹೆಂದು ಮಾತ್ರ ತಿಳಿಯಲಾಗದು; ಅವು ಜನರ ಕೈಯಲ್ಲಿದ್ದುವೆಂಬುದಕ್ಕೂ ಅದೊಂದು ಕುರುಹಾಗಬಹುದು.

ಹಾಗಾದರೆ ನಮಗೆ ದೊರೆತ ಕಟ್ಟುಗಳು ಯಾರ ಕೃತಿ? ಪ್ರಧಾನವಾಗಿ 15 ಮತ್ತು 16ನೆಯ ಶತಮಾನಗಳ ವಿರಕ್ತರ ಶ್ರಮದ ಫಲವು ಅವುಗಳಲ್ಲಿ ಇಳಿದು ಬಂದಿದೆ. ವಿಜಯನಗರದ ಪ್ರೌಢದೇವರಾಯನ ಕಾಲದಲ್ಲಿ, ಅಂದರೆ 15ನೆಯ ಶತಮಾನದ ಪೂರ್ವಾರ್ಧದಲ್ಲಿ, ನೂರೊಂದು ವಿರಕ್ತರು ಶರಣರ ನುಡಿಗಳನ್ನು ಅರಸಿ ಕೂಡಿಸಿದರೆಂದು ಪ್ರತೀತಿಯುಂಟು. ಲಕ್ಕಣ್ಣ ದಂಡೇಶನು ಶಿವತತ್ತ್ವಚಿಂತಾಮಣಿಯನ್ನೂ, ಚಾಮರಸನು ಪ್ರಭುಲಿಂಗಲೀಲೆಯನ್ನೂ, ಮಹಲಿಂಗದೇವರು ಏಕೋತ್ತರಶತಸ್ಥಲವನ್ನೂ ರಚಿಸಿದ ಕಾಲವದು. ಶಿವಗಣಪ್ರಸಾದಿ ಮಹದೇವಯ್ಯನವರು ಬಿಡಿಬಿಡಿಯಾಗಿದ್ದ ವಚನಗಳನ್ನು ಸಂವಾದರೂಪದಲ್ಲಿ ಹೆಣೆದು ಶೂನ್ಯಸಂಪಾದನೆಯನ್ನು ಸಂಪಾದಿಸಿದರು. ಆ ಬಳಿಕ ಹಲಗೆಯಾರ್ಯರು, ಗುಮ್ಮಳಾಪುರದ ಸಿದ್ಧಲಿಂಗಯತಿಗಳು, ಗೂಳೂರು ಸಿದ್ಧವೀರಣಾರ್ಯರು ಅದನ್ನೇ ತಮ್ಮ ತಮ್ಮ ದೃಷ್ಟಿಯಿಂದ ಪುನಃ ಪರಿಷ್ಕರಿಸಿದರು. ನಾಲ್ಕು ಸಂಪಾದನೆಗಳಲ್ಲಿಯೂ ವಚನಗಳ ಸಂಖ್ಯೆ ಬೇರೆ, ಪ್ರಸಂಗಗಳ ಜೋಡಣೆ ಬೇರೆ. ಎಡೆಯೂರಿನ ತೋಂಟದ ಸಿದ್ಧಲಿಂಗಯತಿಗಳು ತಾವೇ 701 ವಚನಗಳ ಷಟ್ಸ್ಥಲಜ್ಞಾನಸಾರಾಮೃತವನ್ನು ರಚಿಸಿದುದಲ್ಲದೆ, ಅವರ ಶಿಷ್ಯಪರಂಪರೆಯು ವಚನಗಳ ಸಂಗ್ರಹಕ್ಕೂ ಟೀಕೆಗೂ ಆಶ್ರಯವಾಯಿತು.

ಈ ಸಂಗ್ರಹಕಾರರು ವಚನಗಳನ್ನು ಹೇಗೆ ಜೋಡಿಸಿದರೆಂಬುದನ್ನು ಲಕ್ಷ್ಯವಿಟ್ಟು ನೋಡಬೇಕು. ಇಂದಿನ ಮುದ್ರಿತ ಗ್ರಂಥಗಳಲ್ಲಿ ಒಬ್ಬೊಬ್ಬ ವಚನಕಾರನಿಗೆ ಒಂದೊಂದು ವಿಭಾಗವಿರುವುದು ವಾಡಿಕೆ. ಓಲೆಯ ಕಟ್ಟುಗಳಲ್ಲಿಯೂ ಅಂಥ ಪ್ರತಿಗಳುಂಟು. ಆದರೆ ಅನೇಕ ಕಟ್ಟುಗಳಲ್ಲಿ ಜೋಡಣೆಯು ಸ್ಥಲಾನುಸಾರಿಯಾಗಿದೆ. ಭಕ್ತಸ್ಥಲದಲ್ಲಿ ತೊಡಗಿ ಮಾಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂದು ಮೆಟ್ಟಿಲು ಮೆಟ್ಟಿಲಾಗಿ ವಚನಗಳನ್ನು ಇರಿಸಿದ್ದಾರೆ. ಒಂದೇ ಸ್ಥಲದೊಳಗೆ ಮಹಾಮಂತ್ರಿಯಾದ ಬಸವಣ್ಣನವರ ವಚನದ ಬಳಿಯಲ್ಲಿಯೇ ಮಡಿವಾಳ ಮಾಚಯ್ಯನ ವಚನವೂ, ಅದರ ಬಳಿಯಲ್ಲಿ ಅಂಬಿಗರ ಚೌಡಯ್ಯನ ವಚನವೂ, ಆಯ್ದಕ್ಕಿ ಲಕ್ಕಮ್ಮನ ವಚನವೂ ಬರಬಹುದು. ಯಾರು ಹೇಳಿದರೆಂಬುದು ಅಂಕಿತದಿಂದ ತಿಳಿಯುವುದು. ಆದರೆ ಯಾವ ನುಡಿಗೆ ಎಲ್ಲಿ ಸ್ಥಾನವೆಂಬುದನ್ನು ನಿರ್ಣಯಿಸುವುದು ಹೇಳಿದವನ ಕುಲವೂ ಅಲ್ಲ, ಪದವಿಯೂ ಅಲ್ಲ, ಅನುಭಾವದ ಮೆಟ್ಟಿಲು. ಆ ಬರಹಗಾರರು ಈ ತತ್ತ್ವವನ್ನು ಬಾಯಲ್ಲಿ ಹೇಳಿ ಬಿಡಲಿಲ್ಲ. ಗರಿಗಳ ಜೋಡಣೆಯಲ್ಲಿಯೇ ಅದನ್ನು ಆಚರಿಸಿದರು.

ಇನ್ನೊಂದು ಸಂಗತಿ. ಬೆಡಗಿನ ವಚನಗಳಿಗೆ ಟೀಕೆಗಳಿರುವ ಪ್ರತಿಗಳೂ, ರಾಗತಾಳಗಳ ಹೆಸರುಗಳೊಡನೆ ಸ್ವರವಚನಗಳಿರುವ ಪ್ರತಿಗಳೂ ದೊರೆಯುತ್ತವೆ. ಟೀಕೆಯಿದ್ದಲ್ಲಿ ಪಾಠವಿದ್ದಿತು, ಅರ್ಥವನ್ನು ಕೇಳುವ ಶಿಷ್ಯರಿದ್ದರು. ರಾಗದ ಹೆಸರಿದ್ದಲ್ಲಿ ಗಾಯನವಿದ್ದಿತು, ಕೂಡಿ ಕೇಳುವ ಗೋಷ್ಠಿಯಿದ್ದಿತು. ಕೆಲವು ಗೃಹಸ್ಥರ ಕಟ್ಟುಗಳಲ್ಲಿ ವಚನಗಳ ಜತೆಯಲ್ಲಿಯೇ ಮನೆಮದ್ದುಗಳೂ, ದಿನಶುದ್ಧಿಯ ಲೆಕ್ಕಗಳೂ ಪೋಣಿಸಲ್ಪಟ್ಟಿರುತ್ತವೆ. ವಚನವು ಮಠದ ಕೋಣೆಯಲ್ಲಿ ಮಾತ್ರ ಇರದೆ ಅಡಿಗೆಮನೆಯ ನೆರೆಯಲ್ಲಿಯೂ ಬಾಳುತ್ತಿದ್ದಿತೆಂಬುದಕ್ಕೆ ಇದು ಪ್ರತ್ಯಕ್ಷಪ್ರಮಾಣ.

ಪ್ರತಿಯ ಕೊನೆಯಲ್ಲಿ ಲಿಪಿಕಾರನು ಬರೆದಿಡುವ ಮಾತುಗಳಂತೂ ಇತಿಹಾಸಕಾರನಿಗೆ ನಿಧಿಯೇ ಸರಿ. ಸಂವತ್ಸರ, ಮಾಸ, ತಿಥಿ, ವಾರ. ಬರೆದವನ ಹೆಸರು, ಅವನ ಗುರುವಿನ ಹೆಸರು, ಊರು. ಯಾರಿಗಾಗಿ ಬರೆದುದೆಂಬ ವಿವರ. ಕೈತಪ್ಪುಗಳಿದ್ದರೆ ಬಲ್ಲವರು ತಿದ್ದಿಕೊಳ್ಳಬೇಕೆಂಬ ಬಿನ್ನಹ. ಬೆನ್ನು ಬಾಗಿ, ಕತ್ತು ನೊಂದು, ಕಣ್ಣು ಸೋತು ಬರೆದುದನ್ನು ಎಣ್ಣೆಯಿಂದಲೂ ನೀರಿನಿಂದಲೂ ಸಡಿಲವಾದ ಕಟ್ಟಿನಿಂದಲೂ ಕಾಪಾಡಿರೆಂದು ಬೇಡಿಕೊಳ್ಳುವುದು ಭಾರತದ ಎಲ್ಲ ಕಡೆಯ ಲಿಪಿಕಾರರಿಗೂ ಸಾಮಾನ್ಯವಾದ ಸಂಪ್ರದಾಯ. ಆದರೆ ಕಾಲನಿರ್ಣಯದಲ್ಲಿ ಎಚ್ಚರಿಕೆ ಬೇಕು. ಸಂವತ್ಸರಚಕ್ರವು 60 ವರ್ಷಗಳಿಗೊಮ್ಮೆ ಮರಳಿ ಬರುವುದು. ಶೋಭಕೃತು ಸಂವತ್ಸರವೆಂದು ಮಾತ್ರ ಬರೆದಿದ್ದರೆ ಅದು 1843 ಆಗಬಹುದು, 1783 ಆಗಬಹುದು, 1723 ಕೂಡ ಆಗಬಹುದು. ಶಾಲಿವಾಹನ ಶಕವರ್ಷವನ್ನೂ ಹೇಳಿದ್ದರೆ ಅದಕ್ಕೆ 78 ಕೂಡಿಸಿ ಕ್ರಿಸ್ತವರ್ಷವನ್ನು ತಿಳಿಯಬಹುದು. ಇಲ್ಲವಾದರೆ ಲಿಪಿಯ ರೂಪ, ಓಲೆಯ ಸ್ಥಿತಿ, ಗುರುಪರಂಪರೆಗಳಿಂದ ಊಹಿಸಬೇಕು. ನಮ್ಮಲ್ಲಿ ಕೆಲವರು ತಮ್ಮ ಮನೆಯ ಕಟ್ಟನ್ನು ಬಸವಣ್ಣನವರ ಕಾಲದ್ದೆಂದು ಅಭಿಮಾನದಿಂದ ಹೇಳಿಕೊಳ್ಳುವರು. ಅಭಿಮಾನವು ಒಳ್ಳೆಯದೇ, ಆದರೆ ಗರಿಯಲ್ಲಿಲ್ಲದ ವಯಸ್ಸನ್ನು ನಾವು ಸೇರಿಸಿದರೆ ಗರಿಯಲ್ಲಿರುವ ಸತ್ಯಕ್ಕೂ ಬೆಲೆಯಿಲ್ಲದಂತಾಗುವುದು.

ಇಲ್ಲಿ ನನ್ನದೊಂದು ಅಪರಾಧವನ್ನು ಭಕ್ತರ ಮುಂದೆ ಒಪ್ಪಿಕೊಳ್ಳಬೇಕಾಗಿದೆ. ಸುಮಾರು ನಲವತ್ತು ವರ್ಷಗಳ ಹಿಂದೆ ನಾನು ಒಂದು ಊರಿನ ಪಾಠಶಾಲೆಯಲ್ಲಿ ವ್ಯಾಕರಣವನ್ನು ಓದುತ್ತಿದ್ದೆನು. ಒಮ್ಮೆ ಅಟ್ಟವನ್ನು ಶುಚಿಮಾಡುವಾಗ ಹುಳು ತಿಂದ ಕೆಲವು ಕಟ್ಟುಗಳು ಹೊರಬಿದ್ದುವು. ನಾನು ಒಂದನ್ನು ಬಿಚ್ಚಿ ಓದಿದೆನು. ‘ಶರಣ’ ಎಂಬಲ್ಲಿ ‘ಸರಣ’ ಎಂದಿದ್ದಿತು, ‘ಎನ್ನ’ ಎಂಬಲ್ಲಿ ‘ಎಂನ’ ಎಂದಿದ್ದಿತು, ಮಹಾಪ್ರಾಣಗಳಿದ್ದೆಡೆ ಅಲ್ಪಪ್ರಾಣಗಳು, ಹ್ರಸ್ವದೀರ್ಘಗಳ ಭೇದವೇ ಇರಲಿಲ್ಲ, ಪದಗಳ ನಡುವೆ ಬಿಡುವೂ ಇರಲಿಲ್ಲ. ಹೊಸದಾಗಿ ಕಲಿತ ವ್ಯಾಕರಣದ ಗರ್ವದಿಂದ, ಇದು ಕೇವಲ ಅಶುದ್ಧಪ್ರತಿ, ಅನಕ್ಷರಸ್ಥನ ಬರಹವೆಂದು ನಾನೇ ಹಿರಿಯರ ಮುಂದೆ ನುಡಿದೆನು. ಜೀರ್ಣವಾದ ಗ್ರಂಥವನ್ನು ಹೊಳೆಗೆ ಬಿಡುವುದು ಅಂದಿನ ರೂಢಿಯಾಗಿದ್ದಿತು. ಆ ಕಟ್ಟನ್ನು ತಲೆಯ ಮೇಲೆ ಹೊತ್ತು ಹೊಳೆಗೆ ಒಯ್ದವನೂ ನಾನೇ. ನೀರಿಗೆ ಬಿಟ್ಟೊಡನೆ ಜೀರ್ಣವಾದ ದಾರವು ಕಡಿದು ಗರಿಗಳು ಒಂದೊಂದಾಗಿ ತೇಲಿಹೋದುವು. ಅದರ ಕೊನೆಯ ಗರಿಯನ್ನು ನಾನು ಓದಿರಲಿಲ್ಲ. ಬರೆದವರು ಯಾರೋ, ಯಾವ ಊರಿನವರೋ, ಇನ್ನು ಯಾರಿಗೂ ತಿಳಿಯದು.

ವರ್ಷಗಳು ಕಳೆದು, ನೂರಾರು ಪ್ರತಿಗಳನ್ನು ನೋಡಿದ ಮೇಲೆ ನನಗೆ ಎಚ್ಚರವಾಯಿತು. ನಾನು ಅಶುದ್ಧವೆಂದುದು ಬಹುಮಟ್ಟಿಗೆ ಆ ಕಾಲದ ಬರಹದ ಪದ್ಧತಿಯೇ ಆಗಿದ್ದಿತು. ನಕಾರ ಮಕಾರಗಳ ಒತ್ತಿಗೆ ಬದಲಾಗಿ ಸೊನ್ನೆಯಿಡುವುದು, ಹ್ರಸ್ವದೀರ್ಘಗಳನ್ನು ಓದುವವನ ಅರಿವಿಗೆ ಬಿಡುವುದು, ಇವೆಲ್ಲ ಲಿಪಿಕಾರರ ರೂಢಿಗಳು. ಇನ್ನು ‘ಸರಣ’ ಎಂಬ ಬರಹವು ಏನನ್ನು ಹೇಳುತ್ತದೆ? ಬರೆದವನು ಕಿವಿಯಿಂದ ಕೇಳಿದಂತೆ, ಬಾಯಿಂದ ಆಡಿದಂತೆ ಬರೆದನು. ಸಂಸ್ಕೃತಪಾಠಶಾಲೆಯ ಮೆಟ್ಟಿಲನ್ನು ಅವನು ಹತ್ತಿರಲಿಲ್ಲ. ಆದರೂ ಅವನು ಬರೆದನು! ಓದುಬರಹಗಳು ಕೆಲವರ ಸೊತ್ತಾಗಿದ್ದ ಕಾಲದಲ್ಲಿ ವ್ಯಾಕರಣವನ್ನರಿಯದ ಒಬ್ಬ ಸಾಮಾನ್ಯನು ಕಂಠವನ್ನು ಹಿಡಿದು ನೂರಾರು ಗರಿಗಳನ್ನು ಕೊರೆದನೆಂದರೆ, ಅದು ಶರಣರು ದೇಶಭಾಷೆಯಲ್ಲಿ ನುಡಿದುದರ ಸಾಕ್ಷಾತ್ ಫಲವಲ್ಲವೆ? ನಾನು ಯಾವುದನ್ನು ದೋಷವೆಂದು ತಿಳಿದು ಹೊಳೆಗೆ ಬಿಟ್ಟೆನೋ ಅದೇ ಆ ಕಟ್ಟಿನ ಅತ್ಯಂತ ಬೆಲೆಯುಳ್ಳ ಸಾಕ್ಷ್ಯವಾಗಿದ್ದಿತು.

ಇಂಥ ನಷ್ಟವನ್ನು ತಡೆಯಲು ತಮ್ಮ ಜೀವವನ್ನೇ ತೇದವರು ದಿವಂಗತ ಫ. ಗು. ಹಳಕಟ್ಟಿಯವರು. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ, ವಿಜಾಪುರದಲ್ಲಿ ವಕೀಲಿವೃತ್ತಿಯನ್ನು ನಡೆಸುತ್ತಿದ್ದ ಅವರು, ಊರೂರು ತಿರುಗಿ, ಮನೆಮನೆಯ ಜಗುಲಿಯ ಮುಂದೆ ಕೈಯೊಡ್ಡಿ ಓಲೆಗಳನ್ನು ಬೇಡಿ ತಂದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲನೆಯ ಭಾಗವು ಪ್ರಕಟವಾಯಿತು. 1925ರಲ್ಲಿ ಹಿತಚಿಂತಕ ಮುದ್ರಣಾಲಯವೂ, 1926ರಲ್ಲಿ ಶಿವಾನುಭವ ಪತ್ರಿಕೆಯೂ ಆರಂಭವಾದುವು. 1930ರಲ್ಲಿ ಶೂನ್ಯಸಂಪಾದನೆಯು ಅಚ್ಚಾಯಿತು. ಈ ಕಾರ್ಯಕ್ಕಾಗಿ ಅವರು ತಮ್ಮ ಸ್ವಂತ ಮನೆಯನ್ನು ಮಾರಿದ ಸಂಗತಿಯು ಸರ್ವವಿದಿತವಾಗಿದೆ. 1964ರಲ್ಲಿ ಅವರು ಲಿಂಗೈಕ್ಯರಾಗುವ ವೇಳೆಗೆ ಇನ್ನೂರಕ್ಕೂ ಮಿಕ್ಕ ವಚನಕಾರರ ಹೆಸರುಗಳು ಕನ್ನಡಿಗರಿಗೆ ತಿಳಿದಿದ್ದುವು. ಅವರ ಬಳಿಕ ಅನೇಕ ವಿದ್ವಾಂಸರು ಪ್ರತಿಗಳನ್ನು ಹೋಲಿಸಿ ಶಾಸ್ತ್ರೀಯವಾಗಿ ಸಂಪಾದಿಸಿದರು. 1993ರಲ್ಲಿ ಕರ್ನಾಟಕ ಸರಕಾರವು ಎಂ. ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಸಮಗ್ರ ವಚನಸಾಹಿತ್ಯವನ್ನು 15 ಸಂಪುಟಗಳಲ್ಲಿ ಪ್ರಕಟಿಸಿತು. ಸತ್ಯಕ್ಕ, ಆಯ್ದಕ್ಕಿ ಲಕ್ಕಮ್ಮ, ಸೂಳೆ ಸಂಕವ್ವೆ ಮೊದಲಾದ ಶರಣೆಯರ ನುಡಿಗಳನ್ನು ಇಂದು ನಾವು ಓದುತ್ತಿರುವೆವಾದರೆ ಅದಕ್ಕೆ ಕಾರಣವಿಷ್ಟೆ: ಶತಮಾನಗಳ ಹಿಂದೆ ಯಾರೋ ಅವುಗಳನ್ನು ಬಿಡದೆ ಬರೆದರು, ಮತ್ತಾರೋ ಅವುಗಳನ್ನು ಬಿಸುಡದೆ ಇಟ್ಟರು. ಅಂಕಿತ ಮಾತ್ರ ಉಳಿದು ಹೆಸರೇ ಅಳಿದ ಅಜ್ಞಾತ ವಚನಕಾರರೂ ಇದ್ದಾರೆ. ಅವರ ಹೆಸರು ಇನ್ನಾವುದೋ ಜಗುಲಿಯ ಮೇಲಿನ ಗಂಟಿನಲ್ಲಿ ಇರಲಾರದೆಂದು ಹೇಳುವವರಾರು?

ಎಲ್ಲವೂ ಅಚ್ಚಾಗಿರುವಾಗ ಓಲೆಯ ಗೊಡವೆಯೇಕೆಂದು ಕೆಲವರು ಕೇಳುವರು. ಅಚ್ಚಿನ ಪುಸ್ತಕವು ವಚನವನ್ನು ಕೊಡುವುದು, ನಿಜ. ಆದರೆ ಅದನ್ನು ಯಾರು ಬರೆದರು, ಯಾರಿಗಾಗಿ ಬರೆದರು, ಯಾವುದರ ಪಕ್ಕದಲ್ಲಿಟ್ಟರು, ಎಲ್ಲಿ ತಡೆದು ಟೀಕೆ ಬರೆದರು, ಯಾವ ಗರಿಯು ಹೆಚ್ಚು ಕೈಯಾಡಿ ಸವೆದಿದೆ ಎಂಬುದನ್ನು ಓಲೆಯೊಂದೇ ಹೇಳಬಲ್ಲುದು. ವಚನವು ಶರಣರ ಇತಿಹಾಸ. ಓಲೆಯು ಆ ವಚನವನ್ನು ನಂಬಿ ಬಾಳಿದ ನಮ್ಮ ಅಜ್ಜ ಮುತ್ತಜ್ಜರ ಇತಿಹಾಸ.

ಮೂಡಬಿದಿರೆಯ ಧವಲಗ್ರಂಥಗಳು ಕೂಡ ಬಹುಕಾಲ ದರ್ಶನಕ್ಕೆ ಮಾತ್ರ ಮೀಸಲಾಗಿದ್ದುವು. ಅವು ಬೇರೆ ಲಿಪಿಗಳಿಗೆ ಇಳಿದು 1939ರಿಂದ ಒಂದೊಂದಾಗಿ ಅಚ್ಚಾದ ಮೇಲೆ ಜೈನಸಿದ್ಧಾಂತದ ಅಧ್ಯಯನಕ್ಕೆ ಹೊಸ ಬೆಳಕು ಬಂದಿತು. ಗ್ರಂಥದ ಪಾವಿತ್ರ್ಯವು ಅದರಿಂದ ಕುಂದಲಿಲ್ಲ. 2003ರಲ್ಲಿ ಭಾರತ ಸರಕಾರವು ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವನ್ನು ಆರಂಭಿಸಿದಂದಿನಿಂದ ಓಲೆಗಳನ್ನು ಶುಚಿಮಾಡಿ, ಎಣ್ಣೆ ಸವರಿ, ಗರಿಗರಿಯ ಛಾಯಾಚಿತ್ರವನ್ನು ತೆಗೆದಿಡುವ ಕಾರ್ಯವೂ ನಾಡಿನಲ್ಲಿ ಬೆಳೆದಿದೆ. ಈಗ ಕಟ್ಟನ್ನು ಯಾರಿಗೂ ಒಪ್ಪಿಸಿಬಿಡಬೇಕಾದ ಭಯವಿಲ್ಲ. ಚಿತ್ರವು ವಿದ್ವಾಂಸರ ಬಳಿಯಲ್ಲಿರಲಿ, ಓಲೆಯು ಮತ್ತೆ ನಿಮ್ಮ ಜಗುಲಿಗೇ ಮರಳಲಿ.

ಶಿಷ್ಯವರ್ಗದಲ್ಲಿ ನನ್ನ ಬಿನ್ನಹವಿಷ್ಟೆ. ಮುಂಬರುವ ಹುಣ್ಣಿಮೆಯಂದು, ಸ್ನಾನ ಲಿಂಗಪೂಜೆಗಳಾದ ಬಳಿಕ, ಮನೆಯ ಮಕ್ಕಳನ್ನೂ ಸೊಸೆಯಂದಿರನ್ನೂ ಕೂಡಿಸಿಕೊಂಡು ಆ ವಸ್ತ್ರವನ್ನು ಬಿಚ್ಚಿರಿ. ಮುರಿದ ಗರಿಗಳನ್ನು ಎಳೆಯಬೇಡಿರಿ, ನೀರನ್ನು ಮುಟ್ಟಿಸಬೇಡಿರಿ, ಗರಿಗಳ ಕ್ರಮವನ್ನು ಬದಲಿಸಬೇಡಿರಿ. ಹುಳು ಬಿದ್ದಿದ್ದರೆ, ಅಕ್ಷರ ತಿಳಿಯದಿದ್ದರೆ, ಹೊಳೆಯ ದಾರಿಯನ್ನು ಹಿಡಿಯದೆ ಶ್ರೀಮಠದ ದಾರಿಯನ್ನು ಹಿಡಿಯಿರಿ. ನನ್ನ ಕಣ್ಣುಗಳು ನಡೆಯುವವರೆಗೆ ಕುಳಿತು ಓದಿ ಹೇಳುವೆನು. ಓದುವಾಗ ಮೊದಲು ಕೊನೆಯ ಗರಿಯನ್ನು ತೆರೆದು ಬರೆದವರ ಹೆಸರನ್ನು ಮನೆಯವರೆಲ್ಲರೂ ಕೇಳುವಂತೆ ಗಟ್ಟಿಯಾಗಿ ಹೇಳುವೆನು. ಹೊಳೆಯ ಪಾಲಾದ ಆ ಒಂದು ಹೆಸರಿಗೆ ನಾನು ಸಲ್ಲಿಸಬಹುದಾದ ಪ್ರಾಯಶ್ಚಿತ್ತವು ಇದೊಂದೇ. ಶರಣು ಶರಣಾರ್ಥಿ.